ಬೆಕ್ಕಿನ ಶುಗರ್‌ಗೆ ರಾಗಿ ಮುದ್ದೆ ಮದ್ದಲ್ಲ

ಈ ಸಲದ ಪತ್ರಗಳಲ್ಲಿ ನಾಲ್ಕು ಒಂದೇ ವಿಷ್ಯದ್ದು, ವಯಸ್ಸಾದ ಬೆಕ್ಕು, ಸಕ್ಕರೆ ಕಾಯಿಲೆ, ಊಟ ಏನು. ಅದಕ್ಕೇ ನಾಯಿ ಉಣ್ಣೆ, ಗಿಳಿ ಪುಕ್ಕದ ಪತ್ರಗಳ್ನ ಮುಂದಿನ ಸಂಚಿಕೆಗೆ ಇಟ್ಕೊಂಡು ಇವಿಷ್ಟಕ್ಕೇ ಉತ್ತರ ಬರೀತಿದೀನಿ.

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನಮ್ಮ ಪುಟ್ಟಣ್ಣ ಗಂಡು ಬೆಕ್ಕು, ಆಪರೇಷನ್ ಆಗಿದೆ, 13 ವರ್ಷ. ಮೊದ್ಲು 6 ಕೆಜಿ ಇದ್ದೋನು ಈಗ 4.2 ಆಗಿದಾನೆ, ಊಟ ಮಾತ್ರ ಮೊದಲಿಗಿಂತ ಜಾಸ್ತಿ. ನೀರಂತೂ ಬಚ್ಚಲು ಮನೆ ಬಕೆಟ್ಟಿಗೂ ಬಾಯಿ ಹಾಕ್ತಾನೆ. ಟೆಸ್ಟ್ ಮಾಡ್ಸಿದ್ರೆ ಶುಗರ್ ಅಂದ್ರು, ದಿನಕ್ಕೆ ಎರಡು ಸಲ ಇನ್ಸುಲಿನ್ ಶುರುವಾಗಿದೆ. ನಮ್ಮ ಯಜಮಾನ್ರಿಗೂ 20 ವರ್ಷದಿಂದ ಶುಗರ್, ಅನ್ನ ಬಿಡ್ಸಿ ರಾಗಿ ಹಾಕು ಅಂದ್ರು, ಈಗ ಇಬ್ಬರಿಗೂ ರಾಗೀನೇ. ಹಾಗಲಕಾಯಿ ರಸಾನೂ ಒಂದು ಚಮಚ ಕುಡ್ಸೋಣ ಅಂತಿದಾರೆ. ನಾವು ಸಸ್ಯಾಹಾರಿಗಳು, ಇಷ್ಟು ವರ್ಷ ಹಾಲನ್ನ, ಮೊಸರನ್ನ, ಅಂಗಡಿ ಒಣ ಫುಡ್ಡು ಇಷ್ಟರಲ್ಲೇ ಬೆಳೆದಿದಾನೆ. ಏನು ಹಾಕ್ಬೇಕು ಹೇಳಿ.
(ಓದುಗರು, ಮೈಸೂರು)

ಉತ್ತರ: ಅಮ್ಮಾ, ನಿಮ್ಮ ಯಜಮಾನ್ರು ಪ್ರೀತಿಯಿಂದಾನೇ ಹೇಳಿರೋದು, ಆದ್ರೆ ಅವ್ರ ಪಥ್ಯ ಅವ್ರಿಗೆ, ಪುಟ್ಟಣ್ಣನ ಪಥ್ಯ ಪುಟ್ಟಣ್ಣಂಗೆ. ರಾಗಿಯಲ್ಲಿ ಸುಮಾರು ಶೇ. 70ರಷ್ಟು ಪಿಷ್ಟಾನೇ ಇರೋದು, ಪ್ರೋಟೀನ್ 7ರ ಆಸುಪಾಸು. ಮನುಷ್ಯರಿಗೆ ಅದು ಪಾಲಿಶ್ ಅಕ್ಕಿಗಿಂತ ವಾಸಿ ಇರಬಹುದು, ಬೆಕ್ಕಿಗೆ ಅಕ್ಕಿ ಆದ್ರೂ ಅಷ್ಟೇ ರಾಗಿ ಆದ್ರೂ ಅಷ್ಟೇ. ಯಾಕಂದ್ರೆ ಬೆಕ್ಕು ಹುಟ್ಟಾ ಮಾಂಸಾಹಾರಿ, ಇಲಿ ಹಕ್ಕಿ ಹಿಡ್ಕೊಂಡು ತಿನ್ನೋಕೆ ಅಂತಾನೇ ಆಗಿರೋ ಮೈ ಅದು, ಊಟದಿಂದ ಒಮ್ಮೆಲೇ ಬರೋ ಗ್ಲೂಕೋಸನ್ನ ಹಿಡಿದಿಟ್ಕೊಳ್ಳೋಕೆ ನಮ್ಮ ಲಿವರಲ್ಲಿ ಇರೋ ಗ್ಲೂಕೋಕೈನೇಸ್ ಅನ್ನೋ ಕಿಣ್ವ ಬೆಕ್ಕಿನ ಲಿವರಲ್ಲಿ ಇಲ್ಲ ಅನ್ನೋ ಅಷ್ಟು ಕಮ್ಮಿ. ಅದಕ್ಕೆ ಬೇಕಾದ ಸಕ್ಕರೇನ ಅದು ಮಾಂಸದ ಪ್ರೋಟೀನಿಂದಾನೇ ತಯಾರು ಮಾಡ್ಕೊಳ್ಳುತ್ತೆ. ಹಾಗಾಗಿ ಶುಗರ್ ಬಂದ ಬೆಕ್ಕಿನ ಊಟ ಅಂದ್ರೆ ಪ್ರೋಟೀನ್ ಜಾಸ್ತಿ, ಪಿಷ್ಟ ತೀರಾ ಕಮ್ಮಿ, ಒಟ್ಟು ಕ್ಯಾಲೊರಿಯಲ್ಲಿ ಪಿಷ್ಟದ ಪಾಲು ಶೇ. 12ರ ಒಳಗಿದ್ರೆ ಒಳ್ಳೇದು.

ಹಾಗಲಕಾಯಿ, ಮೆಂತ್ಯ, ನೇರಳೆ ಬೀಜದ ಪುಡಿ ಯಾವುದೂ ಬೇಡ. ಕಹಿ ಕುಡ್ಸೋಕೆ ಹೋಗಿ ಬೆಕ್ಕು ಜೊಲ್ಲು ಸುರಿಸ್ಕೊಂಡು ಮಂಚದ ಕೆಳಗೆ ಸೇರ್ಕೊಂಡ್ರೆ ಆಮೇಲೆ ನಿಮ್ಮ ಕೈಯ ಊಟಾನೂ ಮುಟ್ಟಲ್ಲ, ಶುಗರ್ ಬೆಕ್ಕು ಊಟ ಬಿಟ್ರೆ ಆಗೋ ತೊಂದ್ರೆ ದೊಡ್ಡದು.

ಈಗ ಆ ಒಣ ಫುಡ್ಡಿನ ವಿಷ್ಯ. ಪ್ಯಾಕೆಟ್ ಹಿಂದೆ ಪಿಷ್ಟ ಎಷ್ಟು ಅಂತ ಸಾಮಾನ್ಯವಾಗಿ ಬರೆದಿರಲ್ಲ, ನಾವೇ ಲೆಕ್ಕ ಹಾಕ್ಬೇಕು. ಪ್ರೋಟೀನ್, ಕೊಬ್ಬು, ನಾರು, ತೇವಾಂಶ, ಬೂದಿ (ಪ್ಯಾಕೆಟ್ ಮೇಲೆ ash ಅಂತಿರುತ್ತೆ, ಅಂದ್ರೆ ಖನಿಜಾಂಶ) ಇವಿಷ್ಟನ್ನೂ ಕೂಡಿ 100ರಲ್ಲಿ ಕಳೀರಿ, ಉಳಿದಿದ್ದು ಪಿಷ್ಟ. ಉದಾಹರಣೆಗೆ ಒಂದು ಒಣ ಫುಡ್ಡಲ್ಲಿ ಪ್ರೋಟೀನ್ 32, ಕೊಬ್ಬು 10, ನಾರು 4, ತೇವಾಂಶ 10, ಬೂದಿ 8 ಅಂತ ಇದ್ರೆ ಒಟ್ಟು 64, ಉಳೀತು 36. ಅಂದ್ರೆ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಪಿಷ್ಟಾನೇ. ಒದ್ದೆ ಫುಡ್ಡಿನ ಪೌಚಲ್ಲಿ ಪ್ರೋಟೀನ್ 8, ಕೊಬ್ಬು 3, ನಾರು 1, ತೇವಾಂಶ 84, ಬೂದಿ 2 ಅಂತಿದ್ರೆ ಉಳಿಯೋದು ಬರೀ 2, ಕ್ಯಾಲೊರಿ ಲೆಕ್ಕದಲ್ಲಿ ನೋಡಿದ್ರೂ 12ರ ಹತ್ತಿರ ಬರುತ್ತೆ. ನೋಡಿ, ಪೌಚಲ್ಲೂ ಗ್ರೇವಿ ಇರೋದಕ್ಕಿಂತ ಮುದ್ದೆ ಥರ ನುಣ್ಣಗೆ ರುಬ್ಬಿರೋದು ಬರುತ್ತಲ್ಲ, ಪಾಟೆ ಅಂತ ಬರೆದಿರ್ತಾರೆ, ಅದು ವಾಸಿ, ಗ್ರೇವಿ ಗಟ್ಟಿ ಬರ್ಲಿ ಅಂತ ಎಷ್ಟೋ ಸಲ ಹಿಟ್ಟು ಹಾಕಿರ್ತಾರೆ. ಒದ್ದೆ ಊಟದಲ್ಲಿ ನೀರೂ ಹೊಟ್ಟೆಗೆ ಹೋಗುತ್ತೆ, 13 ವರ್ಷದ ಬೆಕ್ಕಿನ ಕಿಡ್ನಿಗೆ ಅದೂ ಒಂದು ಉಪಕಾರ.

ಸಸ್ಯಾಹಾರಿಗಳು ಅಂದ್ರಿ. ಇದನ್ನ ಸಂಕೋಚ ಬಿಟ್ಟು ಹೇಳ್ಬೇಕು, ಬೆಕ್ಕನ್ನ ಸಸ್ಯಾಹಾರಿ ಮಾಡೋಕೆ ಆಗಲ್ಲ. ಟಾರಿನ್ ಅಂತ ಒಂದು ಅಂಶ ಇದೆ, ಬೆಕ್ಕಿಗೆ ಅದನ್ನ ಸಾಕಷ್ಟು ಮೈಯಲ್ಲೇ ತಯಾರಿಸ್ಕೊಳ್ಳೋಕೆ ಬರಲ್ಲ, ಮಾಂಸದಿಂದಾನೇ ಸಿಗ್ಬೇಕು, ಇಲ್ಲದಿದ್ರೆ ಕಣ್ಣೂ ಹೋಗುತ್ತೆ ಹೃದಯಾನೂ ಸೋಲುತ್ತೆ, ಹೃದಯದ ಸಂಬಂಧ ಗೊತ್ತಾಗಿದ್ದು 1987ರಲ್ಲಿ. ನಿಮ್ಮ ಪುಟ್ಟಣ್ಣ ಇಷ್ಟು ದಿನ ನಡೆಸಿದ್ದು ಆ ಒಣ ಫುಡ್ಡಿನ ಪುಣ್ಯದಿಂದ, ಮೊಸರನ್ನದಿಂದಲ್ಲ. ಪೌಚ್ ಆದ್ರೆ ಅಡುಗೆಮನೆಗೆ ತರೋದೇ ಬೇಡ, ಹಿತ್ತಲಲ್ಲೋ ಜಗಲಿಯಲ್ಲೋ ಒಂದು ಬೇರೆ ತಟ್ಟೆ ಬೇರೆ ಚಮಚ ಇಟ್ಕೊಂಡ್ರೆ ಆಯ್ತು, ಮಡಿ ಇರೋ ಎಷ್ಟೋ ಮನೆಗಳಲ್ಲಿ ಹೀಗೇ ನಡೀತಿದೆ. ಹಾಲು ನಿಲ್ಲಿಸಿ, ಅದರಲ್ಲೂ ಸಕ್ಕರೆ ಅಂಶ ಇದೆ. ಬಿಸ್ಕತ್ತು ನೀವು ಬರೆದಿಲ್ಲ ಆದ್ರೆ ಕಾಫಿ ಟೈಮಲ್ಲಿ ಯಜಮಾನ್ರು ಒಂದು ಚೂರು ಮುರಿದು ಹಾಕ್ತಾರೇನೋ ಅಂತ ನಂಗೆ ಅನುಮಾನ, ಅದೂ ಬಂದ್.

4ರಿಂದ 5 ಕೆಜಿ ಬೆಕ್ಕಿಗೆ ದಿನಕ್ಕೆ ಸುಮಾರು 200ರಿಂದ 250 ಕ್ಯಾಲೊರಿ ಬೇಕಾಗುತ್ತೆ, ಮೇಲೆ ಹೇಳಿದಂಥ 85 ಗ್ರಾಂ ಪೌಚಲ್ಲಿ 50ರ ಹತ್ತಿರ ಇರುತ್ತೆ, ಅಂದ್ರೆ ದಿನಕ್ಕೆ ನಾಲ್ಕರಿಂದ ಐದು. ಖರ್ಚಿನ ವಿಷ್ಯ ನಂಗೂ ಗೊತ್ತು, ಎಲ್ಲಾ ಪೌಚ್ ಮಾಡೋಕೆ ಆಗದಿದ್ರೆ ಡಯಾಬಿಟಿಕ್ ಬೆಕ್ಕಿಗೆ ಅಂತಾನೇ ಬರೋ ಒಣ ಫುಡ್ ಅರ್ಧ, ಪೌಚ್ ಅರ್ಧ ಮಾಡಿ. ಆದ್ರೆ ಶುರು ಮಾಡೋ ಮುಂಚೆ ಕಿಡ್ನಿ ರಿಪೋರ್ಟ್ ನೋಡ್ಸಿ, ಕಿಡ್ನಿ ಸೋತಿದ್ರೆ ಊಟದಲ್ಲಿ ರಂಜಕ (ಫಾಸ್ಫರಸ್) ಹಿಡಿತದಲ್ಲಿರಬೇಕು, ಆಗ ಈ ಲೆಕ್ಕಾನೇ ಬದಲಾಗುತ್ತೆ.

ಇನ್ನೊಂದು ಮಾತು, ಇದನ್ನ ಎರಡು ಸಲ ಓದ್ಕೊಳ್ಳಿ. ಊಟ ಬದಲಾಯಿಸೋದನ್ನ ನಿಮ್ಮ ಡಾಕ್ಟ್ರಿಗೆ ಹೇಳದೆ ಮಾಡ್ಬೇಡಿ. ಈಗ ಅವ್ನಿಗೆ ಕೊಡ್ತಿರೋ ಇನ್ಸುಲಿನ್ ಡೋಸು, ಅನ್ನ-ರಾಗಿ ತಿನ್ನೋ ಬೆಕ್ಕಿನ ಲೆಕ್ಕದ್ದು. ಪಿಷ್ಟ ದಿಢೀರ್ ಅಂತ ತೆಗೆದು ಅದೇ ಡೋಸ್ ಚುಚ್ಚಿದ್ರೆ ಶುಗರ್ ಪಾತಾಳಕ್ಕೆ ಇಳಿಯುತ್ತೆ. ಒಂದರಿಂದ ಎರಡು ವಾರ ತಗೊಂಡು ಸ್ವಲ್ಪ ಸ್ವಲ್ಪಾನೇ ಬದಲಾಯಿಸಿ, ಶುಗರ್ ನೋಡ್ಕೊಂಡು ಅವ್ರು ಡೋಸ್ ಇಳಿಸ್ತಾರೆ. ಕಾಯಿಲೆ ಶುರುವಾದ ಹೊಸದ್ರಲ್ಲೇ ಇನ್ಸುಲಿನ್ನೂ ಊಟಾನೂ ಸರಿಹೋದ್ರೆ ಕೆಲವು ಬೆಕ್ಕುಗಳಿಗೆ ಇನ್ಸುಲಿನ್ನೇ ಬೇಡ ಅನ್ನೋ ಹಂತ ಬರುತ್ತೆ, ನಮ್ಮ ಕ್ಲಿನಿಕ್ಕಿಗೆ ಬರೋ ಬೆಕ್ಕುಗಳಲ್ಲೂ ನೋಡಿದೀನಿ. ಯಜಮಾನ್ರಿಗೆ ಸ್ವಲ್ಪ ಹೊಟ್ಟೆಕಿಚ್ಚಾಗಬಹುದು.

ಪ್ರಶ್ನೆ: ಸರ್, ನಮ್ಮದು ಕಡಲ ತೀರ, ಮನೇಲಿ ಬೂತಾಯಿ ಬಂಗುಡೆ ದಿನಾ ಇರ್ತದೆ. ಶುಗರ್ ಇರುವ ಬೆಕ್ಕಿಗೆ ಅದನ್ನೇ ಹಾಕಿದ್ರೆ ಸಾಕಲ್ವಾ? ಪೌಚ್ ಯಾಕೆ?
(ಓದುಗರು, ಮಂಗಳೂರು)

ಉತ್ತರ: ಪಿಷ್ಟ ಇಲ್ಲ ಅನ್ನೋದು ನಿಜ, ಅಷ್ಟರ ಮಟ್ಟಿಗೆ ನಿಮ್ಮ ಬೆಕ್ಕು ಪುಣ್ಯವಂತ. ಆದ್ರೆ ಬರೀ ಮೀನು ಪೂರ್ತಿ ಊಟ ಆಗಲ್ಲ. ಮುಳ್ಳು ತೆಗೆದ ಮೀನಲ್ಲಿ ಕ್ಯಾಲ್ಸಿಯಂ ಸಾಲದು, ಎಣ್ಣೆ ಮೀನನ್ನೇ ತಿಂಗಳುಗಟ್ಟಲೆ ಹಾಕಿದ್ರೆ ವಿಟಮಿನ್ ಇ ಕಮ್ಮಿಯಾಗಿ ಚರ್ಮದಡಿಯ ಕೊಬ್ಬಿಗೆ ಉರಿಯೂತ ಬಂದು ಮುಟ್ಟಿದ್ರೆ ಕಿರುಚೋ ಹಾಗಾಗುತ್ತೆ. ಕೆಲವು ಹಸಿ ಮೀನಲ್ಲಿ ವಿಟಮಿನ್ ಬಿ1 ಹಾಳು ಮಾಡೋ ಅಂಶಾನೂ ಇರುತ್ತೆ, ಬೇಯಿಸಿದ್ರೆ ಅದು ಹೋಗುತ್ತೆ. ಹಾಗಾಗಿ ಉಪ್ಪಿಲ್ಲದೆ ಬೇಯಿಸಿ, ಮುಳ್ಳು ತೆಗೆದು, ಪೌಚಿನ ಜೊತೆ ಒಂದೆರಡು ಚಮಚ ರುಚಿಗೆ ಅಂತ ಹಾಕಿ. ಗಸಿಯಿಂದ ತೆಗೆದ ತುಂಡು ತೊಳೆದು ಹಾಕೋದು ಬೇಡವೇ ಬೇಡ, ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿನ ರಕ್ತಕ್ಕೆ ವಿಷ. ಮನೆ ಊಟಾನೇ ಹಾಕ್ತೀನಿ ಅನ್ನೋ ಹಟ ಇದ್ರೆ ಕೋಳಿ, ಲಿವರ್, ಕ್ಯಾಲ್ಸಿಯಂ, ಟಾರಿನ್ ಎಲ್ಲಾ ಗ್ರಾಂ ಲೆಕ್ಕದಲ್ಲಿ ಡಾಕ್ಟ್ರ ಹತ್ರ ಬರೆಸ್ಕೊಳ್ಳಿ.

ಪ್ರಶ್ನೆ: ಎರಡು ಬೆಕ್ಕಿದೆ, ಒಂದಕ್ಕೆ 12 ವರ್ಷ, ಶುಗರ್, ಇನ್ನೊಂದಕ್ಕೆ 3. ಬೌಲ್ ಇಡೀ ದಿನ ತುಂಬಿರುತ್ತೆ, ಯಾವಾಗ ಬೇಕೋ ತಿಂತಾವೆ. ನಾನು ಬೆಳಗ್ಗೆ 8ಕ್ಕೆ ಆಫೀಸ್‌ಗೆ ಹೋದ್ರೆ ಬರೋದು ರಾತ್ರಿ 8ಕ್ಕೆ. ಊಟದ ಟೈಮ್ ಹೇಗೆ ಸೆಟ್ ಮಾಡೋದು?
(ಓದುಗರು, ಬೆಂಗಳೂರು)

ಉತ್ತರ: ನಿಮ್ಮ ಟೈಮ್ ಇನ್ಸುಲಿನ್‌ಗೆ ಸರಿಯಾಗೇ ಇದೆ, 12 ಗಂಟೆ ಅಂತರಾನೇ ಬೇಕಾಗಿರೋದು, ಎಂಟಕ್ಕೆ ಹೊರಡೋ ಮುಂಚೆ ಏಳೂವರೆಗೆ ಒಂದು, ರಾತ್ರಿ ಎಂಟಾದ ಕೂಡ್ಲೇ ಒಂದು, ಅರ್ಧ ಗಂಟೆ ಆ ಕಡೆ ಈ ಕಡೆ ಆದ್ರೆ ಪರವಾಗಿಲ್ಲ. ಮೊದ್ಲು ಊಟ ಇಡಿ, ತಿಂದಿದ್ದು ಕಣ್ಣಾರೆ ನೋಡಿ, ಆಮೇಲೆ ಚುಚ್ಚಿ. ಬೆಕ್ಕು ದಿನವಿಡೀ ಸ್ವಲ್ಪ ಸ್ವಲ್ಪ ತಿಂದ್ರೆ ಅಂಥ ತಪ್ಪೇನಿಲ್ಲ, ಪಿಷ್ಟ ಕಮ್ಮಿ ಇರೋ ಊಟ ಆದ್ರೆ ತಿಂದ ತಕ್ಷಣ ಶುಗರ್ ಅಷ್ಟೇನೂ ಜಿಗಿಯಲ್ಲ. ತೊಂದ್ರೆ ಏನಂದ್ರೆ ತುಂಬಿದ ಬೌಲಲ್ಲಿ ಯಾರು ಎಷ್ಟು ತಿಂದ್ರು ಅಂತ ಗೊತ್ತಾಗೋದೇ ಇಲ್ಲ. ಚಿಕ್ಕದಕ್ಕೆ ಬೇರೆ ರೂಮಲ್ಲಿ ಬಾಗಿಲು ಹಾಕಿ ಊಟ ಹಾಕಿ, 20 ನಿಮಿಷ ಆದ್ಮೇಲೆ ಬೌಲ್ ಎತ್ತಿಡಿ. ಮಧ್ಯಾಹ್ನಕ್ಕೆ ಟೈಮರ್ ಫೀಡರ್ ಇಟ್ರೆ ಅನುಕೂಲ. ಚಿಕ್ಕದೂ ಅದೇ ಒದ್ದೆ ಫುಡ್ ತಿಂದ್ರೆ ಅದಕ್ಕೇನೂ ನಷ್ಟ ಇಲ್ಲ.

ಊಟದ ವಿಷ್ಯ ಅಲ್ಲದಿದ್ರೂ ಸಿರಿಂಜ್ ಬಗ್ಗೆ ಒಂದು ಮಾತು ಹೇಳ್ಲೇಬೇಕು. ನಮ್ಮಲ್ಲಿ 40ರ ಇನ್ಸುಲಿನ್ನೂ ಇದೆ, 100ರದ್ದೂ ಇದೆ, ಅಂದ್ರೆ ಒಂದು ಎಂ.ಎಲ್.ನಲ್ಲಿ ಅಷ್ಟು ಯೂನಿಟ್, 40ರ ಸಿರಿಂಜ್‌ಗೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. ಒಂದ್ಸಲ ನಮ್ಮ ಹತ್ರ ಬಂದ ಬೆಕ್ಕಿಗೆ 100ರ ಇನ್ಸುಲಿನ್ ಕೆಂಪು ಸಿರಿಂಜಲ್ಲಿ 2 ಗೆರೆ ಎಳೆದು ಕೊಟ್ಟಿದ್ರು, ಹೋಗಿದ್ದು 5 ಯೂನಿಟ್. ಬದುಕ್ತು, ಆದ್ರೆ ಎರಡು ರಾತ್ರಿ ಯಾರೂ ಮಲಗ್ಲಿಲ್ಲ. ಮೆಡಿಕಲ್ ಶಾಪಲ್ಲಿ ಎಂಥದ್ದು ಕೊಟ್ರೂ ಬಾಟಲಿ ಮೇಲಿನ ನಂಬರ್ರು ಸಿರಿಂಜ್ ಮೇಲಿನ ನಂಬರ್ರು ಒಂದೇನಾ ನೋಡಿ.

ಪ್ರಶ್ನೆ: ನಿನ್ನೆ ಬೆಳಿಗ್ಗೆ ನಮ್ಮ ಬೆಕ್ಕು ಊಟ ಮೂಸಿ ನೋಡಿ ಬಿಟ್ಟು ಹೋಯ್ತು. ಇನ್ಸುಲಿನ್ ತಪ್ಪಿಸ್ಬಾರ್ದು ಅಂತ ಕೊಟ್ಟೆ. ಮಧ್ಯಾಹ್ನ ತೂರಾಡ್ತಾ ಗೋಡೆಗೆ ಒರಗಿ ನಿಂತಿತ್ತು, ಸಂಜೆ ಹೊತ್ತಿಗೆ ಸರಿಹೋಯ್ತು. ಇದು ಏನು?
(ಓದುಗರು, ಶಿವಮೊಗ್ಗ)

ಉತ್ತರ: ಶುಗರ್ ಇಳಿದಿತ್ತು, ನಿಮ್ಮ ಅದೃಷ್ಟ ಚೆನ್ನಾಗಿತ್ತು. ಒಂದು ಡೋಸ್ ತಪ್ಪಿದ್ರೆ ಬೆಕ್ಕಿಗೆ ಏನೂ ಆಗಲ್ಲ, ಹಸಿದ ಹೊಟ್ಟೆಗೆ ಪೂರ್ತಿ ಡೋಸ್ ಕೊಟ್ರೆ ಪ್ರಾಣಾನೇ ಹೋಗಬಹುದು. ಊಟ ಬಿಟ್ರೆ ಚುಚ್ಚೋಕೆ ಮುಂಚೆ ಡಾಕ್ಟ್ರಿಗೆ ಫೋನ್ ಮಾಡಿ. ಫುಡ್ ಸ್ವಲ್ಪ ಬೆಚ್ಚಗೆ ಮಾಡಿ ಇಟ್ಟು ನೋಡಿ, ವಯಸ್ಸಾದ ಬೆಕ್ಕಿಗೆ ವಾಸನೆ ಬಂದ್ರೇನೇ ಹಸಿವು. ಹಲ್ಲು ನೋವಿದ್ಯಾ ಅಂತಾನೂ ನೋಡ್ಸಿ. ಒಂದು ದಿನ ಪೂರ್ತಿ ತಿನ್ನದಿದ್ರೆ ಅಥವಾ ಜೊತೆಗೆ ವಾಂತಿ ಸುಸ್ತು ಇದ್ರೆ ಕಾಯೋ ಹಾಗೇ ಇಲ್ಲ, ರಕ್ತದಲ್ಲಿ ಕೀಟೋನ್ (ಮೈಯ ಕೊಬ್ಬು ಕರಗಿದಾಗ ಬರೋ ಆಮ್ಲ) ಏರಿರಬಹುದು, ದಪ್ಪ ಬೆಕ್ಕಾದ್ರೆ ಲಿವರಿಗೆ ಕೊಬ್ಬು ತುಂಬ್ಕೊಳ್ಳೋ ಅಪಾಯಾನೂ ಇದೆ.

ಇನ್ನೊಂದ್ಸಲ ತೂರಾಡೋದು ಕಂಡ್ರೆ, ತಿನ್ನೋ ಸ್ಥಿತೀಲಿ ಇದ್ರೆ ತಕ್ಷಣ ಊಟ ಇಡಿ, ಒಣ ಫುಡ್ಡೇ ಆಗ್ಲಿ ಆಗ ಪಥ್ಯ ನೋಡ್ಬೇಡಿ. ತಿನ್ನದಿದ್ರೆ ಅಥವಾ ಫಿಟ್ಸ್ ಬಂದ್ರೆ ಜೇನೋ, ನಿಮ್ಮ ಕಡೆ ಮನೇಲಿ ಇದ್ದೇ ಇರುತ್ತಲ್ಲ ಜೋನಿ ಬೆಲ್ಲ, ಅದನ್ನ ಬೆರಳಲ್ಲಿ ಸ್ವಲ್ಪ ತಗೊಂಡು ಒಸಡಿಗೆ ಸವರಿ, ಬಾಯಿಗೆ ಸುರೀಬೇಡಿ, ಉಸಿರಿಗೆ ಹೋಗುತ್ತೆ. ಫಿಟ್ಸ್ ಬರ್ತಿರೋವಾಗ ಬೆರಳು ಹಲ್ಲಿನ ಮಧ್ಯೆ ಹೋಗದ ಹಾಗೆ ನೋಡ್ಕೊಳ್ಳಿ. ಎದ್ದು ಕೂತ್ಕೊಂಡಿತು ಅಂತ ಸುಮ್ಮನಾಗ್ಬೇಡಿ, ಬೆಲ್ಲದ ಶಕ್ತಿ ಸ್ವಲ್ಪ ಹೊತ್ತು, ಇನ್ಸುಲಿನ್ ಇನ್ನೂ ಗಂಟೆಗಟ್ಟಲೆ ಮೈಯಲ್ಲಿ ಇರುತ್ತೆ, ಅದಕ್ಕೇ ಸ್ವಲ್ಪ ಊಟ ತಿನ್ಸಿ ಬುಟ್ಟೀಲಿ ಹಾಕ್ಕೊಂಡು ಸೀದಾ ಆಸ್ಪತ್ರೆಗೆ ಹೊರಡಿ. ನಿನ್ನೆ ಆಗಿದ್ದನ್ನೂ ಇವತ್ತೇ ಡಾಕ್ಟ್ರಿಗೆ ಹೇಳಿ, ಅವ್ರು ಎಷ್ಟು ಯೂನಿಟ್ ಅಂತ ಹೇಳೋ ತನಕ ಮುಂದಿನ ಡೋಸ್ ಮುಟ್ಬೇಡಿ.