ಫಿಲಿಪ್ಪೀನ್ಸಿನ ತಾಲ್ ಪಟ್ಟಣಕ್ಕೆ ಜ್ವಾಲಾಮುಖಿಯಾಚೆಗೆ ಏನು ಚರಿತ್ರೆಯಿದೆ? ಅಲ್ಲಿನ ಜನಜೀವನ ಇಂದು ಹೇಗಿದೆ?

ತಾಲ್ ಎಂದರೆ ಜ್ವಾಲಾಮುಖಿ ಮಾತ್ರವೇ, ಆ ಹೆಸರಿನ ಊರಿಗೂ ಚರಿತ್ರೆ ಎನ್ನುವಂಥದ್ದು ಇದೆಯೇ, ಮನಿಲಾದಿಂದ ಅಲ್ಲಿಯವರೆಗೆ ಹೋಗುವುದು ಸಾರ್ಥಕವೇ ಎಂದು ನೀವು ಕೇಳಿದ್ದೀರಿ. ಉದ್ಯೋಗದ ನಿಮಿತ್ತ ಮನಿಲಾದಲ್ಲಿದ್ದಾಗ ಬಿಡುವು ಸಿಕ್ಕಾಗಲೆಲ್ಲ ನಾನು ಹೋಗುತ್ತಿದ್ದ ಊರು ಅದು. ಆದ್ದರಿಂದ ತುಸು ವಿಸ್ತಾರವಾಗಿಯೇ ಉತ್ತರಿಸುತ್ತೇನೆ.

ಪ್ರವಾಸಿಗರು ಸಾಮಾನ್ಯವಾಗಿ ಜ್ವಾಲಾಮುಖಿಯನ್ನು ನೋಡುವುದು ಸರೋವರದ ಉತ್ತರದ ಏರಿನಲ್ಲಿರುವ ಟಗಾಯ್ಟಾಯ್ ನಗರದಿಂದ. ತಾಲ್ ಪಟ್ಟಣ ಇರುವುದು ಸರೋವರದ ನೈಋತ್ಯ ದಿಕ್ಕಿನಲ್ಲಿ, ಬಟಾಂಗಾಸ್ ಪ್ರಾಂತ್ಯದ ಬಲಾಯಾನ್ ಕೊಲ್ಲಿಯ ಸಮೀಪ. ಅದು ಮೊದಲಿನಿಂದಲೂ ಅಲ್ಲಿರಲಿಲ್ಲ ಎಂಬುದರಲ್ಲೇ ಆ ಊರಿನ ಚರಿತ್ರೆಯ ತಿರುಳಿದೆ. 1572ರಲ್ಲಿ ಅಗಸ್ಟಿನಿಯನ್ ಪಾದ್ರಿಗಳು ಸ್ಥಾಪಿಸಿದ ತಾಲ್ ಸರೋವರದ ದಂಡೆಯಲ್ಲೇ ಬೆಳೆದಿತ್ತು. ಸರೋವರವನ್ನು ಸಮುದ್ರಕ್ಕೆ ಸೇರಿಸುವ ಪಾನ್ಸಿಪಿಟ್ ನದಿಯಲ್ಲಿ ಆಗ ಹಡಗುಗಳು ಸಂಚರಿಸುತ್ತಿದ್ದವು. ಊರಿಗೆ ವ್ಯಾಪಾರ ಬಂದದ್ದೂ, 1732ರಲ್ಲಿ ಪ್ರಾಂತ್ಯದ ರಾಜಧಾನಿಯ ಪಟ್ಟ ದೊರೆತದ್ದೂ ಈ ಜಲಮಾರ್ಗದ ಬಲದಿಂದಲೇ ಎಂದು ನಾನು ಭಾವಿಸುತ್ತೇನೆ.

1754ರ ಮೇ ತಿಂಗಳಲ್ಲಿ ಆರಂಭವಾದ ಸ್ಫೋಟ ಡಿಸೆಂಬರಿನವರೆಗೂ ಬಿಟ್ಟುಬಿಟ್ಟು ಮುಂದುವರಿದು, ದಂಡೆಯ ಊರುಗಳನ್ನು ಬೂದಿಯಡಿ ಹೂತುಹಾಕಿತು. ನದಿಯ ಪಾತ್ರವೂ ಹೂಳು ತುಂಬಿ ಕಿರಿದಾಯಿತು. ಬದುಕುಳಿದವರು ಸಮುದ್ರದತ್ತ ಸರಿದು ಇಂದಿನ ಜಾಗದಲ್ಲಿ ಹೊಸ ಊರು ಕಟ್ಟಿಕೊಂಡರು. ರಾಜಧಾನಿ ಬಟಾಂಗಾಸ್ ಪಟ್ಟಣದ ಪಾಲಾಯಿತು. ಹಳೆಯ ಚರ್ಚಿನ ಅವಶೇಷಗಳು ಇಂದಿಗೂ ಸರೋವರದ ದಡದ ಸಾನ್ ನಿಕೊಲಾಸ್‌ನಲ್ಲಿವೆ. ಕಡಲಿನ ನಂಟು ಕಡಿದ ಸರೋವರದ ನೀರು ಕಾಲಕ್ರಮೇಣ ಸಿಹಿಯಾಯಿತು. ಸಮುದ್ರಮೂಲದ ತಾವಿಲಿಸ್ ಎಂಬ ಬೂತಾಯಿ ಜಾತಿಯ ಮೀನು ಸಿಹಿನೀರಿಗೆ ಒಗ್ಗಿಕೊಂಡು ಅಲ್ಲಿ ಉಳಿದಿದೆ. ಜಗತ್ತಿನ ಬೇರೆಲ್ಲೂ ಇಲ್ಲದ ಆ ಮೀನು ಈಗ ಅಳಿವಿನಂಚಿನಲ್ಲಿರುವುದು ಬಹಳ ನೋವಿನ ಸಂಗತಿ.

ಹೊಸ ಊರಿನ ಚರ್ಚೂ ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಭೂಕಂಪಕ್ಕೆ ತುತ್ತಾಯಿತು. 1856ರಲ್ಲಿ ಕಟ್ಟಲಾರಂಭಿಸಿದ ಇಂದಿನ ಸಂತ ಮಾರ್ಟಿನ್ ಬೆಸಿಲಿಕಾ ಸುಮಾರು 88 ಮೀಟರ್ ಉದ್ದ, 48 ಮೀಟರ್ ಅಗಲವಿದ್ದು, ಏಷ್ಯಾದ ಅತಿ ದೊಡ್ಡ ಚರ್ಚುಗಳ ಸಾಲಿಗೆ ಸೇರುತ್ತದೆ. ಆದರೆ ನನಗೆ ಅದಕ್ಕಿಂತ ಹೆಚ್ಚು ಆಪ್ತವೆನಿಸಿದ್ದು ಇಳಿಜಾರಿನ ಕೆಳಗಿರುವ, ಹವಳದ ಕಲ್ಲಿನಿಂದ ಕಟ್ಟಿದ ಕೈಸಾಸೈ ಮಾತೆಯ ಪುಟ್ಟ ಚರ್ಚು. 1603ರಲ್ಲಿ ಪಾನ್ಸಿಪಿಟ್ ನದಿಯಲ್ಲಿ ಮೀನುಗಾರನೊಬ್ಬನ ಬಲೆಗೆ ಸಿಕ್ಕಿತೆಂದು ನಂಬಲಾಗುವ ಅಲ್ಲಿನ ಮೇರಿ ಮಾತೆಯ ಪುಟ್ಟ ವಿಗ್ರಹವನ್ನು ಚೀನೀ ಮೂಲದ ಫಿಲಿಪಿನೋಗಳು ತಮ್ಮ ಕಡಲದೇವತೆ ಮಾಜುವೆಂದೇ ಭಾವಿಸಿ ಪೂಜಿಸುತ್ತಾರೆ.

ಬೀದಿಗಳಲ್ಲಿ ನಿಂತಿರುವ ಹಳೆಯ ಮನೆಗಳ ಕೆಳಗಿನ ಅಂತಸ್ತು ಕಲ್ಲಿನದು, ಮೇಲಿನದು ಮರದ್ದು. ಕಿಟಕಿಗಳಿಗೆ ಗಾಜಿನ ಬದಲು ಬೆಳಕು ಹಾಯುವಷ್ಟು ತೆಳುವಾದ ಕಪೀಸ್ ಚಿಪ್ಪಿನ ಬಿಲ್ಲೆಗಳನ್ನು ಕೂರಿಸಿರುತ್ತಾರೆ. ಅಂಥ ಒಂದು ಮನೆ ಮಾರ್ಸೆಲಾ ಅಗೊನ್ಸಿಲ್ಯೊ ಅವರದು. ಪತಿ ಫೆಲಿಪೆಯೊಂದಿಗೆ ಹಾಂಗ್‌ಕಾಂಗಿನಲ್ಲಿ ದೇಶಭ್ರಷ್ಟರಾಗಿದ್ದ ಆಕೆ, 1898ರಲ್ಲಿ ಮಗಳು ಲೊರೆನ್ಸಾ ಹಾಗೂ ಫಿಲಿಪ್ಪೀನ್ಸಿನ ರಾಷ್ಟ್ರನಾಯಕ ಹೋಸೆ ರಿಸಾಲರ ಅಕ್ಕನ ಮಗಳು ಡೆಲ್ಫಿನಾ ಅವರ ಜೊತೆ ಕುಳಿತು, ಫಿಲಿಪ್ಪೀನ್ಸಿನ ಮೊದಲ ರಾಷ್ಟ್ರಧ್ವಜವನ್ನು ಕೈಯಿಂದಲೂ ಯಂತ್ರದಿಂದಲೂ ಹೊಲಿದರು. ಫೆಲಿಪೆ ಅದೇ ವರ್ಷ ತಮ್ಮ ದೇಶದ ಪರವಾಗಿ, ಸ್ಪೇನ್ ಮತ್ತು ಅಮೆರಿಕದ ಶಾಂತಿ ಮಾತುಕತೆ ನಡೆಯುತ್ತಿದ್ದ ಪ್ಯಾರಿಸ್‌ವರೆಗೆ ಹೋದರೂ ಅವರ ಮಾತನ್ನು ಕೇಳುವವರಿರಲಿಲ್ಲ. ಸ್ಪೇನ್ ಎರಡು ಕೋಟಿ ಡಾಲರಿಗೆ ದ್ವೀಪಗಳನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತು. ಆ ಮನೆ ಈಗ ಸರ್ಕಾರಿ ವಸ್ತುಸಂಗ್ರಹಾಲಯ. ಕ್ರಾಂತಿಕಾರಿಗಳಿಗೆ ತನ್ನ ಹಡಗನ್ನೇ ಕೊಟ್ಟ ಗ್ಲಿಸೇರಿಯಾ ಮಾರೆಲ್ಲಾ ದೆ ವಿಲ್ಯಾವಿಸೆನ್ಸಿಯೊ ಕೂಡ ಇದೇ ಊರಿನವರು. ಸ್ವಾತಂತ್ರ್ಯ ಹೋರಾಟದ ಪಠ್ಯಗಳಲ್ಲಿ ಗಂಡಸರ ಹೆಸರುಗಳೇ ತುಂಬಿರುವಾಗ, ತಾಲ್ ತನ್ನ ಹೆಣ್ಣುಮಕ್ಕಳನ್ನು ಮುಂದಿಟ್ಟುಕೊಂಡು ಮಾತಾಡುವುದು ನನಗೆ ಬಹಳ ಮೆಚ್ಚುಗೆಯಾಯಿತು.

ಇಂದು ಜನಸಂಖ್ಯೆ 60 ಸಾವಿರ ದಾಟಿರುವ ಈ ಊರಿನಲ್ಲಿ ಸೂಜಿ ಇನ್ನೂ ಹೆಂಗಸರ ಕೈಬಿಟ್ಟಿಲ್ಲ. ಅನಾನಸ್ ಎಲೆಯ ನಾರಿನಿಂದ ನೇಯ್ದ ಪೀನ್ಯಾ ಬಟ್ಟೆ ದೂರದ ವಿಸಾಯಾಸ್ ದ್ವೀಪಗಳಿಂದ ಬರುತ್ತದೆ. ಅದನ್ನು ಮರದ ಚೌಕಟ್ಟಿಗೆ ಬಿಗಿದು ಮನೆಯಲ್ಲಿ ಕೂತೇ ಕಸೂತಿ ಹಾಕುತ್ತಾರೆ. ಕಲಾಡೊ ಎಂಬ ಕೆಲಸವನ್ನು ನೀವು ಹತ್ತಿರದಿಂದ ನೋಡಲೇಬೇಕು: ನೇಯ್ಗೆಯಿಂದ ಎಳೆಗಳನ್ನು ಒಂದೊಂದಾಗಿ ಕಿತ್ತು ತೆಗೆದು, ಉಳಿದವುಗಳನ್ನು ನೂಲಿನಿಂದ ಬಿಗಿಯುತ್ತ ಹೋದಂತೆ ಬಟ್ಟೆಯಲ್ಲಿ ಸಣ್ಣ ಸಣ್ಣ ಜಾಲಂಧ್ರಗಳು ಮೂಡುತ್ತವೆ, ಒಂದು ಎಳೆ ತಪ್ಪಿದರೂ ಸಾಲೆಲ್ಲ ಕೆಡುತ್ತದೆ. ಗಂಡಸರು ಮದುವೆ, ಸಮಾರಂಭಗಳಲ್ಲಿ ತೊಡುವ ಬಾರೊಂಗ್ ಅಂಗಿಯ ಎದೆಯ ಮೇಲೆ ಕಾಣುವುದು ಈ ಕೆಲಸವೇ. ಯಂತ್ರದ ಕಸೂತಿ ಅಗ್ಗವಾಗಿ ಸಿಗುವಾಗ ಇಷ್ಟು ನಿಧಾನದ ಕೆಲಸಕ್ಕೆ ತಕ್ಕ ಕೂಲಿ ಹುಟ್ಟುವುದು ಕಷ್ಟ. ಪಕ್ಕದ ಬಾಲಿಸೊಂಗ್ ಎಂಬ ಹಳ್ಳಿಯಲ್ಲಿ ಅದೇ ಹೆಸರಿನ ಮಡಚುವ ಚಾಕುಗಳನ್ನು ಮನೆಗಳಿಗೆ ಹೊಂದಿಕೊಂಡ ಕಮ್ಮಾರಸಾಲೆಗಳಲ್ಲಿ ತಯಾರಿಸುತ್ತಾರೆ.

ಊಟದ ಬಗ್ಗೆ ಒಂದೇ ಶಿಫಾರಸು: ಸಿನಾಯಿಂಗ್ ನಾ ತುಲಿಂಗಾನ್. ತುಲಿಂಗಾನ್ ಮೀನನ್ನು ಸೀಳಿ, ಒತ್ತಿ ಚಪ್ಪಟೆ ಮಾಡಿ, ಉಪ್ಪು ಸವರಿ, ಬಾಳೆಲೆಯಲ್ಲಿ ಸುತ್ತಿ, ಒಣಗಿಸಿದ ಬಿಂಬುಳಿಯೊಂದಿಗೆ ಮಣ್ಣಿನ ಗಡಿಗೆಯಲ್ಲಿ ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೇಯಿಸುತ್ತಾರೆ. ಕೆಲವರು ಗಡಿಗೆಯ ತಳಕ್ಕೆ ಹಂದಿಯ ಕೊಬ್ಬು ಹಾಕುವುದರಿಂದ, ತಿನ್ನದವರು ಮೊದಲೇ ವಿಚಾರಿಸಿಕೊಳ್ಳಬೇಕು.

ಜ್ವಾಲಾಮುಖಿ ಮಾತ್ರ ಇವರನ್ನು ಇನ್ನೂ ಬಿಟ್ಟಿಲ್ಲ. 2020ರ ಜನವರಿ 12ರಂದು ಅದು ಮತ್ತೆ ಸಿಡಿದಾಗ ಅಪಾಯದ ವಲಯವನ್ನು 14 ಕಿಲೋಮೀಟರಿಗೆ ವಿಸ್ತರಿಸಲಾಯಿತು. ತಾಲ್ ಪಟ್ಟಣದವರೂ ಮನೆ ಬಿಟ್ಟು ಹೋಗಬೇಕಾಯಿತು. ನೆಲ ಬಿರುಕುಬಿಟ್ಟು ಪಾನ್ಸಿಪಿಟ್ ನದಿಯ ಕೆಲವು ಭಾಗ ಆಗ ಬತ್ತಿಹೋಗಿತ್ತು. ಆದ್ದರಿಂದ ಹೊರಡುವ ಮುನ್ನ ಅಲ್ಲಿನ ಜ್ವಾಲಾಮುಖಿ ಸಂಸ್ಥೆಯಾದ ಫಿವೊಲ್ಕ್ಸ್ ಪ್ರಕಟಿಸುವ ಎಚ್ಚರಿಕೆಯ ಹಂತವನ್ನು ತಪ್ಪದೆ ನೋಡಿಕೊಳ್ಳಿ. ಸೋಮವಾರ ಸರ್ಕಾರಿ ವಸ್ತುಸಂಗ್ರಹಾಲಯಗಳಿಗೆ ರಜೆ. ಕಸೂತಿ ಕೊಳ್ಳುವುದಾದರೆ ಮನಿಲಾದ ಮಾಲ್‌ಗಳಿಗಿಂತ ಅಲ್ಲಿನ ಮಾರುಕಟ್ಟೆಯ ಅಂಗಡಿಗಳಲ್ಲೇ ಕೊಳ್ಳಿ. ಇದು ಕೈಕೆಲಸವೇ, ಹೊಲಿದವರು ಯಾರು ಎಂದು ಕೇಳಲು ಸಂಕೋಚಪಡಬೇಡಿ.