ಧ್ಯಾನಕೇಂದ್ರಕ್ಕೆ ಎಷ್ಟು ಮಂದಿ? ಸುರಂಗವನ್ನು ಕೇಳಿ

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಪೆರ್ಲದ ಸಮೀಪ ನಮ್ಮ ಹಿರಿಯರಿಂದ ಬಂದ ಸುಮಾರು ಹನ್ನೊಂದು ಎಕರೆ ಜಾಗವಿದೆ. ಕೆಳಗೆ ಅಡಿಕೆ ತೋಟ, ಅದರಾಚೆ ಬೇಸಾಯವಿಲ್ಲದೆ ಹಡಿಲು ಬಿದ್ದ ಬೈಲುಗದ್ದೆ, ಗುಡ್ಡೆಯಲ್ಲಿ ಅಕೇಶಿಯಾ ಮತ್ತು ಹಳೆಯ ಗೇರು ಮರಗಳು, ತುದಿಯಲ್ಲಿ ಬರೀ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಪದವು, ಅಂದರೆ ಗುಡ್ಡೆಯ ಮೇಲಿನ ಬಯಲು. ತೋಟಕ್ಕೆ ಕೆರೆಯ ನೀರು, ಮನೆಗೆ ಅಜ್ಜ ನೀರಿಗಾಗಿ ಗುಡ್ಡೆಯೊಳಕ್ಕೆ ಅಡ್ಡಲಾಗಿ ತೋಡಿಸಿದ ಸುರಂಗದ ನೀರು. ಏಪ್ರಿಲ್ ಕೊನೆಯಲ್ಲಿ ಸುರಂಗದ ಬಾಯಲ್ಲಿ ಹದಿನೈದು ಲೀಟರಿನ ಕೊಡ ತುಂಬಲು ಐದು ನಿಮಿಷ ಹಿಡಿಯುತ್ತದೆ. ಒಮ್ಮೆಗೆ ನಲವತ್ತು ಮಂದಿ ತಂಗುವಂತಹ ಧ್ಯಾನಕೇಂದ್ರವನ್ನು ಇಲ್ಲಿ ಆರಂಭಿಸಿ, ಜೊತೆಗೆ ಜಾಗವನ್ನು ಮತ್ತೆ ಕಾಡಾಗಿಸಬೇಕೆಂದು ನಾನೂ ನನ್ನ ಭಾವನೂ ಯೋಚಿಸಿದ್ದೇವೆ. ನೀರಿಗೆ ಬೋರ್‌ವೆಲ್ ಕೊರೆಸುವುದೇ? ಪದವಿನಲ್ಲಿ ಯಾವ ಗಿಡ ನೆಡಬೇಕು? ವರ್ಷವಿಡೀ ನಡೆಸಿದರೆ ಖರ್ಚು ಹುಟ್ಟೀತೇ?

ಉತ್ತರ: ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಮಾತು ಆ ಕೊಡದ ಲೆಕ್ಕ. ಐದು ನಿಮಿಷಕ್ಕೆ ಹದಿನೈದು ಲೀಟರ್ ಎಂದರೆ ನಿಮಿಷಕ್ಕೆ 3 ಲೀಟರ್, ಇಪ್ಪತ್ನಾಲ್ಕು ಗಂಟೆಗೆ 4,320 ಲೀಟರ್. ಇದರಲ್ಲಿ ಅರ್ಧವನ್ನು ಮುಟ್ಟಬೇಡಿ. ಸುರಂಗದಿಂದ ಮಿಕ್ಕು ಹರಿಯುವ ನೀರೇ ಕೆಳಗಿನ ತೋಡನ್ನೂ (ಸಣ್ಣ ಹಳ್ಳ) ನೆರೆಯವರ ಮದಕವನ್ನೂ (ನೀರು ನಿಲ್ಲಿಸುವ ಕೆರೆ) ಮೇ ತಿಂಗಳ ತನಕ ಹಸಿಯಾಗಿಡುತ್ತದೆ. ಉಳಿಯುವುದು 2,160 ಲೀಟರ್. ಅಡುಗೆ, ಸ್ನಾನ, ಪಾಯಿಖಾನೆ, ಬಟ್ಟೆ ಒಗೆತ ಎಲ್ಲ ಸೇರಿಸಿ ತಲೆಗೆ 120 ಲೀಟರ್ ಹಿಡಿದರೆ ಹದಿನೆಂಟು ಮಂದಿಗೆ ಸಾಕಾಗುತ್ತದೆ. ಅಡುಗೆಯವರು, ಕೆಲಸದವರು, ಮನೆಯವರೆಂದು ಆರು ಮಂದಿಯನ್ನು ಕಳೆದರೆ ಅತಿಥಿಗಳಿಗೆ ಹನ್ನೆರಡು ಹಾಸಿಗೆ. ನಲವತ್ತು ಎಂಬ ಸಂಖ್ಯೆ ನೀವು ನೋಡಿ ಬಂದ ಯಾವುದೋ ಕೇಂದ್ರದ್ದಿರಬಹುದು, ಈ ಜಾಗದ್ದಲ್ಲ. ಕಟ್ಟಡದ ನಕ್ಷೆ ಬರೆಸುವ ಮೊದಲು ಇನ್ನೆರಡು ಬೇಸಿಗೆ ಇದೇ ರೀತಿ ಅಳೆದು, ಅತಿ ಕಡಿಮೆ ನೀರು ಬಂದ ವಾರದ ಲೆಕ್ಕವನ್ನೇ ಆಧಾರವಾಗಿಟ್ಟುಕೊಳ್ಳಿ.

ಹಾಗಾದರೆ ಬೋರ್‌ವೆಲ್ ಕೊರೆದು ನಲವತ್ತಕ್ಕೆ ಏರಿಸಬಹುದಲ್ಲ ಎಂದು ಭಾವನವರು ಕೇಳಬಹುದು. ಮಳೆಯ ನೀರನ್ನು ಮುರಕಲ್ಲು ಹೀರಿಕೊಂಡು ನಿಧಾನವಾಗಿ ಬಿಟ್ಟುಕೊಡುವುದರಿಂದಲೇ ಸುರಂಗ ಜಿನುಗುತ್ತದೆ, ಅಲ್ಲಿ ಪಂಪು ಬೇಡ, ವಿದ್ಯುತ್ತು ಬೇಡ. ಬೋರ್‌ವೆಲ್ ಅದರಡಿಯ ಗಟ್ಟಿ ಬಂಡೆಯ ಬಿರುಕುಗಳಿಂದ ನೀರೆಳೆಯುತ್ತದೆ, ಬೋರ್‌ವೆಲ್‌ಗಳು ಹೆಚ್ಚಾದ ಕಡೆ ಹಳೆಯ ಸುರಂಗಗಳು ಸೊರಗುವುದನ್ನು ನಿಮ್ಮ ಊರಿನ ಹಿರಿಯ ಕೃಷಿಕರೇ ಹೇಳಿಯಾರು. ಪರಿಸರ ಪುನಶ್ಚೇತನವೆಂದು ಫಲಕ ಹಾಕಿಕೊಂಡ ಜಾಗದಲ್ಲಿ ಸುರಂಗವೇ ಬತ್ತಿದರೆ ಉಳಿಯುವುದು ಫಲಕ ಮಾತ್ರ. ಸುರಂಗದ ನೀರನ್ನು ರಾತ್ರಿ ಹಿಡಿದಿಡಲು ಒಂದು ಒಳ್ಳೆಯ ತೊಟ್ಟಿ ಕಟ್ಟಿಸಿ, ಅಷ್ಟು ಸಾಕು.

ಪಾಯಿಖಾನೆಯ ಗುಂಡಿಯ ವಿಚಾರದಲ್ಲಿ ಮಾತ್ರ ಬಹಳ ಜಾಗ್ರತೆ ಬೇಕು. ಬಾವಿಯಿಂದ ಏಳೂವರೆ ಮೀಟರ್ ದೂರವಿರಬೇಕೆಂದು ಕೇರಳದ ಕಟ್ಟಡ ನಿಯಮ ಹೇಳುತ್ತದೆ. ಆದರೆ ಮುರಕಲ್ಲಿನೊಳಗೆ ಕೊಳವೆಗಳಂತಹ ಪೊಳ್ಳುಗಳಿರುವುದರಿಂದ ಕೊಳೆನೀರು ಅಲ್ಲಿ ಎಷ್ಟು ದೂರ ಹೋದೀತೆಂದು ಅಳತೆಪಟ್ಟಿ ಹಿಡಿದು ಹೇಳಲಾಗದು. ಸುರಂಗಕ್ಕೆ ನೀರು ಬರುವುದು ಅದರ ನೆತ್ತಿಯ ಮೇಲಿನ ಗುಡ್ಡೆಯಿಂದ. ಆದ್ದರಿಂದ ಸ್ನಾನದಮನೆ, ಪಾಯಿಖಾನೆ, ಅಡುಗೆಮನೆಯ ಬಚ್ಚಲು ಎಲ್ಲವೂ ಸುರಂಗದ ಬಾಯಿಗಿಂತ ಕೆಳಮಟ್ಟದಲ್ಲೇ ಇರಬೇಕು. ಮೇಲಿನಿಂದ ದೃಶ್ಯ ಚೆನ್ನಾಗಿ ಕಾಣುತ್ತದೆಂದು ಕುಟೀರಗಳನ್ನು ಗುಡ್ಡೆಯ ನೆತ್ತಿಗೆ ಒಯ್ಯುವ ಮಾತಿಗೆ ವಾಸ್ತುಶಿಲ್ಪಿ ಎಷ್ಟು ಒತ್ತಾಯಿಸಿದರೂ ಒಪ್ಪಬೇಡಿ. ಇಳಿಜಾರಿನಲ್ಲಿ ದೊಡ್ಡ ಇಂಗುಗುಂಡಿಗಳೂ ಬೇಡ, ಮಳೆಗಾಲದಲ್ಲಿ ಗುಡ್ಡೆ ಕುಸಿಯಲು ಅದೇ ಕಾರಣವಾದೀತು.

ಇನ್ನು ಪದವು. ಅಲ್ಲಿ ಯಾವ ಗಿಡವನ್ನೂ ನೆಡಬೇಡಿ.

ಬೇಸಿಗೆಯಲ್ಲಿ ಕರಿದಾಗಿ ಸುಟ್ಟಂತೆ ಕಾಣುವ ಪಾರೆಯನ್ನು, ಅಂದರೆ ಪದವಿನ ಈ ಬರಿಬಂಡೆಯನ್ನು, ಪಾಳುಭೂಮಿಯೆಂದು ತಿಳಿಯುವುದು ನಮ್ಮ ಜಿಲ್ಲೆಯ ಹಳೆಯ ರೋಗ. ಕಂದಾಯ ದಾಖಲೆಗೂ, ಕಲ್ಲಿನ ಕೋರೆಯವರಿಗೂ, ಗಿಡ ನೆಡುವ ಉತ್ಸಾಹಿಗಳಿಗೂ ಅದು ಒಂದೇ ರೀತಿ ಕಾಣುತ್ತದೆ. ಮಳೆ ಹಿಡಿದ ಮೇಲೆ ಅಲ್ಲಿ ಮಂಡಿಯೂರಿ ನೋಡಿ. ಅಂಗೈಯಗಲದ ಕುಳಿಯಲ್ಲಿ ನಿಂತ ನೀರಿನಲ್ಲಿ ಕಪ್ಪೆಯ ಮರಿಗಳು, ಅದರ ಅಂಚಿನಲ್ಲಿ ಬಿಳಿ ಗುಂಡಿಯಂತಹ ಹೂ ಹೊತ್ತ ಎರಿಯೋಕಾಲನ್, ಬೆರಳಿನಷ್ಟೂ ಎತ್ತರವಿಲ್ಲದ ನೀಲಿ ಹೂವಿನ ಯುಟ್ರಿಕುಲೇರಿಯಾ, ಎಲೆಯ ಕೂದಲುಗಳ ತುದಿಯಲ್ಲಿ ಅಂಟಿನ ಹನಿ ಹಿಡಿದು ಸಣ್ಣ ಹುಳಗಳಿಗಾಗಿ ಕಾಯುವ ಡ್ರೊಸೆರಾ. ಕೊನೆಯ ಎರಡೂ ಕೀಟಾಹಾರಿಗಳು. ಪಾರೆಯ ತೆಳುಮಣ್ಣಿನಲ್ಲಿ ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ ಇರುವುದರಿಂದ ಅವು ಹುಳಗಳಿಂದ ಅದನ್ನು ಪಡೆಯುತ್ತವೆ. ಸೋಣ ತಿಂಗಳ (ಆಗಸ್ಟ್–ಸೆಪ್ಟೆಂಬರ್) ಹೊಸ್ತಿಲ ಪೂಜೆಗೆ ಹಿಂದೆ ಮಕ್ಕಳು ಹೂ ಕೊಯ್ದು ತರುತ್ತಿದ್ದುದು ಇಂತಹ ಪದವುಗಳಿಂದಲೇ. ಜೆಸಿಬಿಯಿಂದ ಗುಂಡಿ ತೆಗೆದು, ಬೇರೆಡೆಯ ಮಣ್ಣು ಗೊಬ್ಬರ ತುಂಬಿ ಸಸಿ ನೆಟ್ಟರೆ ನೆರಳೂ ಸಾರವೂ ಹೆಚ್ಚಿ ಇವೆಲ್ಲ ಅಳಿಯುತ್ತವೆ. ಅಲ್ಲಿ ನೀವು ಮಾಡಬೇಕಾದ ಕೆಲಸ ಒಂದೇ: ಗುಡ್ಡೆಯಿಂದ ಬಂದು ಪಾರೆಯ ಬಿರುಕುಗಳಲ್ಲಿ ಮೊಳೆಯುವ ಅಕೇಶಿಯಾ ಸಸಿಗಳನ್ನು ಪ್ರತಿವರ್ಷ ಕೈಯಿಂದ ಕಿತ್ತುಹಾಕುವುದು. ಅಕೇಶಿಯಾದ ಬೇರು ಸಾರಜನಕವನ್ನು ಮಣ್ಣಿಗೆ ಸೇರಿಸುತ್ತದೆ, ತೋಟಕ್ಕೆ ವರವಾದ ಈ ಗುಣ ಪಾರೆಯ ಗಿಡಗಳಿಗೆ ಮೃತ್ಯು. ನಡೆದಾಡುತ್ತ ಧ್ಯಾನಿಸುವವರಿಗೆ ಪದವಿನ ಅಂಚಿನಲ್ಲಿ ಒಂದೇ ಒಂದು ಕಾಲುದಾರಿ ಇರಲಿ.

ಕಾಡಾಗಿಸಬೇಕಾದ ಜಾಗ ಅದರ ಕೆಳಗಿನ ಇಳಿಜಾರು. ಅಲ್ಲಿಯೂ ಅಕೇಶಿಯಾವನ್ನು ಒಮ್ಮೆಲೇ ಕಡಿದು ಬೋಳು ಮಾಡಿದರೆ ಮೊದಲ ಮಳೆಗೆ ಮಣ್ಣು ತೋಡಿಗಿಳಿಯುತ್ತದೆ, ಖಾಲಿಯಾದ ಬಿಸಿಲಿಗೆ ಕಮ್ಯುನಿಸ್ಟ್ ಗಿಡ, ಮಿಕಾನಿಯಾ ಬಳ್ಳಿಯೆಂಬ ಕಳೆಗಳು ನುಗ್ಗುತ್ತವೆ. ಸಾಲುಸಾಲಾಗಿ ಕೆಲವು ವರ್ಷಗಳಲ್ಲಿ ತೆಳುವಾಗಿಸುತ್ತ ಬನ್ನಿ. ಮರುವ, ಕುಂಟಾಲ, ಕೇಪಳ, ಚೂರಿಮುಳ್ಳು ಮೊದಲಾದವು ಹಕ್ಕಿಗಳಿಂದಲೋ ಹಳೆಯ ಬೇರಿನಿಂದಲೋ ತಾವಾಗಿ ಬರುತ್ತವೆ, ಅವನ್ನು ಕತ್ತಿಯಿಂದ ಉಳಿಸಿದರೆ ಸಾಕು. ನೆರಳು ಬೇಡುವ ಸಾಲುಧೂಪ, ಕಿರಾಲುಬೋಗಿ, ಹೆಬ್ಬಲಸು, ಪುನರ್ಪುಳಿಗಳನ್ನು ಮಾತ್ರ ಉಳಿದ ಅಕೇಶಿಯಾದ ನೆರಳಿನಲ್ಲೇ ನೆಡಿ. ಬೀಜಕ್ಕೆ ಹತ್ತಿರದ ನಾಗಬನಗಳನ್ನು ಅವಲಂಬಿಸಬಹುದು, ಅಂದರೆ ನಾಗನ ಕಟ್ಟೆಯ ಸುತ್ತ ಕಾಂಕ್ರೀಟು ಸುರಿದು ಇಂಟರ್‌ಲಾಕ್ ಹಾಸದೆ ಉಳಿದವು ಸಿಕ್ಕಿದರೆ. ಕಳೆನಾಶಕದ ಮಾತೇ ಬೇಡ. 1970ರ ದಶಕದ ಕೊನೆಯಿಂದ 2000ದ ತನಕ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಸಿದ್ದರ ಫಲವನ್ನು ನಿಮ್ಮ ಎಣ್ಮಕಜೆ ಪಂಚಾಯತು ಇಂದಿಗೂ ಉಣ್ಣುತ್ತಿರುವಾಗ ಇದನ್ನು ನಿಮಗೆ ನಾನು ವಿವರಿಸಬೇಕಾಗಿಲ್ಲ.

ಬೈಲುಗದ್ದೆಯನ್ನು ತುಂಬಿಸಿ ವಾಹನ ನಿಲ್ಲಿಸಲು ಬಳಸುವ ಯೋಚನೆಯೇನಾದರೂ ಇದ್ದರೆ ಬಿಟ್ಟುಬಿಡಿ, ಕೇರಳದ 2008ರ ಭತ್ತದ ಗದ್ದೆ ಮತ್ತು ತೇವಭೂಮಿ ಸಂರಕ್ಷಣಾ ಕಾಯ್ದೆ ಅದಕ್ಕೆ ಅಡ್ಡಬರುತ್ತದೆ.

ವರ್ಷವಿಡೀ ನಡೆಸುವ ಪ್ರಶ್ನೆಗೆ ನನ್ನ ಉತ್ತರ ಬೇಡವೆಂದೇ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಾಗಿಲು ಮುಚ್ಚಿರಲಿ. ನೆಡುವ, ಕಳೆ ಕೀಳುವ, ತೋಡು ಸರಿಪಡಿಸುವ ಕೆಲಸವೆಲ್ಲ ಆಗಲೇ ಬೀಳುತ್ತದೆ, ಪದವು ಅರಳುವುದೂ ಆಗಲೇ, ಸುತ್ತಲಿನ ತೋಟಗಳಲ್ಲಿ ಅಡಿಕೆಗೆ ಬೋರ್ಡೋ ಮದ್ದು ಬಿಡುವ ಯಂತ್ರಗಳ ಸದ್ದೂ ಆಗಲೇ. ಇದು ಹೊಸ ಪದ್ಧತಿಯೇನಲ್ಲ. ಮಳೆಗಾಲದಲ್ಲಿ ಓಡಾಡಿದರೆ ಮೊಳಕೆಗಳೂ ಸಣ್ಣ ಜೀವಿಗಳೂ ಕಾಲಿಗೆ ಸಿಕ್ಕಿ ಸಾಯುತ್ತವೆಂದು ಬೌದ್ಧ ಭಿಕ್ಷುಗಳಿಗೆ ಮೂರು ತಿಂಗಳು ಒಂದೆಡೆ ನಿಲ್ಲುವ ವರ್ಷಾವಾಸದ ನಿಯಮವಿತ್ತು, ನಮ್ಮ ಎಡನೀರು ಮಠದಲ್ಲಿ ಯತಿಗಳು ಚಾತುರ್ಮಾಸ್ಯಕ್ಕೆ ಕೂರುವುದರ ಹಿಂದೆಯೂ ಅಹಿಂಸೆಯ ಇದೇ ವಿಚಾರವಿದೆ. ಧ್ಯಾನಕೇಂದ್ರವೊಂದು ಈ ಕಟ್ಟಳೆಯನ್ನು ಪಾಲಿಸಿದರೆ ಅತಿಥಿಗಳಿಗೆ ಕಾರಣ ಹೇಳಲು ಕಷ್ಟವಾಗದು.

ಎಂಟು ತಿಂಗಳು, ಹನ್ನೆರಡು ಹಾಸಿಗೆ. ಖರ್ಚು ಹುಟ್ಟೀತು, ಸಾಲ ತೀರುವಷ್ಟು ಲಾಭ ಹುಟ್ಟಲಾರದು. ಆದ್ದರಿಂದ ಸಾಲ ಮಾಡಿ ಕಟ್ಟಬೇಡಿ, ಮನೆಯ ಜೀವನ ಅಡಿಕೆಯಲ್ಲೇ ನಡೆಯಲಿ. 1976ರಿಂದ ಕೇಂದ್ರ ನಡೆದುಬಂದಿರುವ ಮಹಾರಾಷ್ಟ್ರದ ಇಗತ್ಪುರಿಯಲ್ಲಿ ಹತ್ತು ದಿನಗಳ ವಿಪಶ್ಯನ ಧ್ಯಾನ ಶಿಬಿರಕ್ಕೆ ಶುಲ್ಕವಿಲ್ಲ, ಶಿಬಿರ ಮುಗಿಸಿದವರ ದಾನದಿಂದಲೇ ಅದು ನಡೆಯುತ್ತದೆ. ಆ ಮಾದರಿಗೆ ಬಹಳ ದೊಡ್ಡ ಶಿಷ್ಯಸಮೂಹ ಬೇಕಾಗುವುದರಿಂದ ನಿಮಗೆ ನಿಗದಿತ ಶುಲ್ಕವೇ ಸೂಕ್ತ. ಆದರೆ ಗುಡ್ಡೆಯ ಕೆಲಸದ ಹಣವನ್ನು ವರ್ಷದ ಮೊದಲೇ ಬೇರೆ ತೆಗೆದಿಡಿ, ಹಾಸಿಗೆ ಖಾಲಿಯಾದ ವರ್ಷ ಕಳೆ ಸುಮ್ಮನಿರುವುದಿಲ್ಲ.

ನೀವು ಕೇಳದ ಒಂದು ಮಾತು. ಮೌನವೆಂದು ಊರಿಗೆ ಬಾಯಿಮುಚ್ಚಲು ಹೇಳಬೇಡಿ. ಡಿಸೆಂಬರ್‌ನಿಂದ ಮೇ ತನಕ ಭೂತಕೋಲ, ಯಕ್ಷಗಾನ, ದೇವಸ್ಥಾನದ ಜಾತ್ರೆ ಇದ್ದೇ ಇರುತ್ತವೆ. ದಿನಾಂಕಗಳನ್ನು ಮುಂಚಿತವಾಗಿ ತಿಳಿದು ಶಿಬಿರ ಹೊಂದಿಸಿಕೊಳ್ಳಿ, ತಪ್ಪಿದರೆ ಚೆಂಡೆ ಕೇಳಿಸುತ್ತದೆಂದು ಅತಿಥಿಗಳಿಗೆ ಪತ್ರದಲ್ಲೇ ಬರೆದುಬಿಡಿ.

ಪ್ರಶ್ನೆ: ಮಂಜೇಶ್ವರದ ಬಳಿ ನಾವು ನಡೆಸುವ ಸಣ್ಣ ಯೋಗ–ಧ್ಯಾನ ಕೇಂದ್ರದಲ್ಲಿ ಪ್ರತಿ ಅತಿಥಿಯಿಂದ ಒಂದು ಗಿಡ ನೆಡಿಸುತ್ತೇವೆ. ಹೆಚ್ಚಿನವು ಒಣಗುತ್ತಿವೆ. ತಪ್ಪೆಲ್ಲಿ?

ಉತ್ತರ: ನಿಮ್ಮ ಅತಿಥಿಗಳು ಹೆಚ್ಚಾಗಿ ಬರುವುದು ಡಿಸೆಂಬರ್, ಜನವರಿಯಲ್ಲಿರಬೇಕು. ಆಗ ನೆಟ್ಟ ಸಸಿ ಬೇರಿಳಿಸುವ ಮೊದಲೇ ಮಾರ್ಚ್ ಬಂದುಬಿಡುತ್ತದೆ. ಫೋಟೋಕ್ಕಾಗಿ ನೆಡಿಸುವುದನ್ನು ನಿಲ್ಲಿಸಿ, ಆ ತಿಂಗಳುಗಳಲ್ಲಿ ಅವರಿಂದ ಮಿಕಾನಿಯಾ ಬಳ್ಳಿ ಕೀಳಿಸಿ, ಬದುಕಿರುವ ಸಸಿಗಳ ಬುಡಕ್ಕೆ ತರಗೆಲೆ ಹೊದಿಸಿ, ಬೆಂಕಿ ಹರಡದಂತೆ ಗಡಿಯಲ್ಲಿ ಒಣಹುಲ್ಲು ತೆಗೆಸಿ. ಮೇ ಕೊನೆಗೆ ಬರುವವರಿದ್ದರೆ ಬೀಜ ಹೆಕ್ಕಿಸಬಹುದು. ಸಾಲುಧೂಪದ ಬೀಜ ಒಣಗಿದರೆ ಮೊಳೆಯದು, ಬಿದ್ದ ಕೆಲವೇ ದಿನಗಳಲ್ಲಿ ಮಣ್ಣು ತುಂಬಿದ ತೊಟ್ಟೆಗೆ (ಚೀಲಕ್ಕೆ) ಹಾಕಬೇಕು. ಆ ಸಸಿಗಳನ್ನು ಒಂದು ವರ್ಷ ನೆರಳಲ್ಲಿ ಬೆಳೆಸಿ, ಮರುವರ್ಷ ಜೂನ್ ಮಳೆ ಹಿಡಿದ ಮೇಲೆ ನಿಮ್ಮ ಕೆಲಸದವರೇ ನೆಡಲಿ. ಯಾರ ಗಿಡ ಯಾವುದೆಂಬ ಹೆಸರಿನ ಹಲಗೆಗಳನ್ನು ಈಗಲೇ ತೆಗೆದುಹಾಕಿದರೆ ಒಳ್ಳೆಯದು, ಒಣಗಿದ ಗಿಡದ ಮುಂದೆ ಅತಿಥಿಯ ಹೆಸರು ನಿಂತಿರುವುದು ಇಬ್ಬರಿಗೂ ಶೋಭೆಯಲ್ಲ.