ರಸ್ಟ್‌ನಲ್ಲಿ ಬಾಕ್ಸ್‌ಗೆ ಹಾಕಿದ ದೊಡ್ಡ ಅರೇ ಸ್ಟ್ಯಾಕ್ ಓವರ್‌ಫ್ಲೋ ಕೊಡುವುದೇಕೆ?

20 ಲಕ್ಷ ಯು64ಗಳ (ತಲಾ 8 ಬೈಟ್‌ನ ಪೂರ್ಣಾಂಕ) ಅರೇಯನ್ನು ಬಾಕ್ಸ್‌ನಲ್ಲಿಟ್ಟರೂ (ಬಾಕ್ಸ್ ಎಂದರೆ ಡೇಟಾವನ್ನು ಹೀಪ್‌ನಲ್ಲಿಡುವ ಪಾಯಿಂಟರ್) ಡಿಬಗ್ ಬಿಲ್ಡ್ ಶುರುವಿನಲ್ಲೇ ಕ್ರ್ಯಾಶ್ ಆಗುತ್ತದೆ, ರಿಲೀಸ್ ಬಿಲ್ಡ್ ಸಲೀಸಾಗಿ ಓಡುತ್ತದೆ ಎಂದಿದ್ದೀರಿ.

ಬಾಕ್ಸ್‌ನ 'ನ್ಯೂ' ಮಾಮೂಲಿ ಫಂಕ್ಷನ್. ಅದಕ್ಕೆ ಕೊಡುವ ಆರ್ಗ್ಯುಮೆಂಟ್ ಮೊದಲು ಸ್ಟ್ಯಾಕ್‌ನಲ್ಲಿ (ಫಂಕ್ಷನ್ ಕರೆಗಳು ಬಳಸುವ ಸೀಮಿತ ಮೆಮೊರಿ) ತಯಾರಾಗಿ ಆಮೇಲೆ ಹೀಪ್‌ಗೆ (ಬೇಕಾದಷ್ಟು ಕೇಳಿ ಪಡೆಯುವ ದೊಡ್ಡ ಮೆಮೊರಿ) ನಕಲಾಗುತ್ತದೆ. ನಿಮ್ಮ ಅರೇ 16 ಎಂಬಿ; ಲಿನಕ್ಸ್‌ನಲ್ಲಿ ಮೇನ್ ಥ್ರೆಡ್‌ಗೆ ಸಿಗುವ ಸ್ಟ್ಯಾಕ್ ಸಾಮಾನ್ಯವಾಗಿ 8 ಎಂಬಿ, ವಿಂಡೋಸ್‌ನಲ್ಲಿ ಬರೀ 1. ರಿಲೀಸ್‌ನಲ್ಲಿ ಆಪ್ಟಿಮೈಸರ್ ಆ ನಕಲನ್ನು ಅಳಿಸಿಹಾಕಿದೆ, ಅಷ್ಟೇ. ಭಾಷೆ ಅದಕ್ಕೆ ಖಾತರಿ ಕೊಟ್ಟಿಲ್ಲ, ನಂಬಿ ಕೂರಬೇಡಿ.

'ವೆಕ್' ಮ್ಯಾಕ್ರೋಗೆ ಆರಂಭದ ಬೆಲೆಯನ್ನೂ ಉದ್ದವನ್ನೂ ಕೊಡಿ, ಜಾಗ ನೇರ ಹೀಪ್‌ನಲ್ಲೇ ಸಿಗುತ್ತದೆ. ಬಾಕ್ಸೇ ಬೇಕೆಂದರೆ ಆ ವೆಕ್ಟರ್ ಮೇಲೆ 'ಇನ್‌ಟು ಬಾಕ್ಸ್ಡ್ ಸ್ಲೈಸ್' ಕರೆಯಿರಿ. ಉದ್ದ ಟೈಪ್‌ನಲ್ಲೇ ಇರಬೇಕಿದ್ದರೆ ಅದರ ಮೇಲೆ 'ಟ್ರೈ ಇನ್‌ಟು'. ಇದರಲ್ಲಿ ಡೇಟಾ ನಕಲಾಗುವುದಿಲ್ಲ.

'ರಸ್ಟ್ ಮಿನ್ ಸ್ಟ್ಯಾಕ್' ಎನ್ವಿರಾನ್‌ಮೆಂಟ್ ವೇರಿಯಬಲ್ ಏರಿಸಿ ನೋಡಿ ಎಂದು ಯಾರಾದರೂ ಹೇಳಬಹುದು. ಅದು ಪ್ರೋಗ್ರಾಂ ಹೊಸದಾಗಿ ಶುರುಮಾಡಿದ (ಸ್ಪಾನ್ ಮಾಡಿದ) ಥ್ರೆಡ್‌ಗಳಿಗೆ ಮಾತ್ರ (ಅವಕ್ಕೆ ಡಿಫಾಲ್ಟ್ 2 ಎಂಬಿ), ಮೇನ್ ಥ್ರೆಡ್‌ಗೆ ತಾಗುವುದೇ ಇಲ್ಲ. ಲಿನಕ್ಸ್ ಶೆಲ್‌ನಲ್ಲಿ 'ಯುಲಿಮಿಟ್' ಆಜ್ಞೆಯಿಂದ ಸ್ಟ್ಯಾಕ್ ಮಿತಿ ಏರಿಸಿದರೆ ಕೆಲಸವಾಗುತ್ತದೆ, ಆದರೆ ನಿಮ್ಮ ಯಂತ್ರದಲ್ಲಷ್ಟೇ.

ದೊಡ್ಡ ಅರೇಯೇ ಇಲ್ಲದೆ ಇದೇ ದೋಷ ಬಂದರೆ ಜಿಡಿಬಿ ಎಂಬ ಡಿಬಗರ್‌ನಲ್ಲಿ ಬ್ಯಾಕ್‌ಟ್ರೇಸ್ (ಫಂಕ್ಷನ್ ಕರೆಗಳ ಸರಣಿ) ತೆಗೆಯಿರಿ. ಒಂದೇ ಫಂಕ್ಷನ್ ಸಾವಿರಾರು ಸಲ ಕಂಡರೆ ಅದು ರಿಕರ್ಶನ್, ಅಂದರೆ ಫಂಕ್ಷನ್ ತನ್ನನ್ನೇ ಕರೆದುಕೊಳ್ಳುತ್ತಿದೆ. ಉದ್ದದ ಲಿಂಕ್ಡ್ ಲಿಸ್ಟ್ ಡ್ರಾಪ್ ಆಗುವಾಗಲೂ (ಅದರ ಮೆಮೊರಿ ಬಿಡುಗಡೆಯಾಗುವಾಗ) ಹೀಗಾಗಬಹುದು.